ಬುಲ್‌ಹಾರ್ನ್ ಹ್ಯಾಂಡಲ್: ಕೊಂಬಿನ ಅಂದಕ್ಕಿಂತ ಮೊದಲು ಬ್ರೇಕಿನ ಜಾಗ ನೋಡಿ

ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ಸ್ಟೆಮ್ ಎಂಬ ತುಂಡಿನ ಎರಡೂ ಬದಿಗೆ ಅಡ್ಡವಾಗಿ ಹೊರಟು, ಅಲ್ಲಿಂದ ಮುಂದಕ್ಕೂ ತುಸು ಮೇಲಕ್ಕೂ ಬಾಗಿ ನಿಲ್ಲುವ ಹ್ಯಾಂಡಲ್ಲಿಗೆ ಬುಲ್‌ಹಾರ್ನ್ ಎಂಬ ಹೆಸರು ಬಂದದ್ದು ಗೂಳಿಯ ಕೊಂಬಿನ ಹೋಲಿಕೆಯಿಂದ. ನೋಡುವುದಕ್ಕೆ ಇಷ್ಟು ಸರಳವಾದ ವಸ್ತು ಸೈಕಲ್ಲಿನಲ್ಲಿ ಇನ್ನೊಂದಿಲ್ಲ: ಒಂದೇ ಕೊಳವೆ, ನಾಲ್ಕು ಬಾಗು, ಎರಡು ತುದಿ. ಆ ಸರಳತೆಯನ್ನು ನಂಬಿ ಚಿತ್ರ ನೋಡಿಯೇ ಮೊದಲ ಹ್ಯಾಂಡಲ್ ತರಿಸಿಕೊಂಡೆ. ಆಮೇಲೆ ಒಂದೇ ಸೈಕಲ್ಲಿಗೆ ಒಂದಾದ ಮೇಲೊಂದರಂತೆ ಮೂರು ಬಗೆಯ ಬುಲ್‌ಹಾರ್ನ್ ಕೂರಿಸಿ, ಪ್ರತಿಯೊಂದರಲ್ಲೂ ತಿಂಗಳುಗಟ್ಟಲೆ ಓಡಾಡಿದ್ದೇನೆ. ಈ ವಿಮರ್ಶೆ ಆ ಮೂರರದು. ಕಂಪನಿಗಳ ಹೆಸರಿಗಿಂತ ಬಗೆಯೇ ಇಲ್ಲಿ ಮುಖ್ಯವಾದ್ದರಿಂದ ಬಗೆಯನ್ನೇ ಹಿಡಿದು ಬರೆಯುತ್ತೇನೆ.

ಮೂರರಿಂದಲೂ ನನಗೆ ಮನದಟ್ಟಾದ ವಿಷಯ ಒಂದೇ. ಬುಲ್‌ಹಾರ್ನ್ ಆರಿಸುವವರು ಮೊದಲು ನಿರ್ಧರಿಸಬೇಕಾದದ್ದು ಕೊಂಬಿನ ಆಕಾರವನ್ನಲ್ಲ, ಬ್ರೇಕ್ ಲಿವರ್, ಅಂದರೆ ಬ್ರೇಕಿಗಾಗಿ ಬೆರಳಿನಿಂದ ಎಳೆಯುವ ಸನ್ನೆ, ಎಲ್ಲಿ ಕೂರುತ್ತದೆ ಎಂಬುದನ್ನು. ಅದು ಗಟ್ಟಿಯಾದರೆ ಕೊಳವೆಯ ದಪ್ಪ, ಕೊಂಬಿನ ಉದ್ದ, ತುದಿಯ ರೂಪ, ಕೊನೆಗೆ ಸ್ಟೆಮ್ಮಿನ ಅಳತೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಆಕಾರವನ್ನು ಮೊದಲು ಒಪ್ಪಿಕೊಂಡು ಬ್ರೇಕನ್ನು ಆಮೇಲೆ ಹೊಂದಿಸಲು ಹೊರಟರೆ ಏನಾಗುತ್ತದೆ ಎಂಬುದು ನನ್ನ ಮೊದಲ ಹ್ಯಾಂಡಲ್ಲಿನ ಕಥೆ.

ಹೀಗಾಗುವುದಕ್ಕೆ ಈ ಹ್ಯಾಂಡಲ್ಲಿನ ಹುಟ್ಟಿನಲ್ಲೇ ಕಾರಣವಿದೆ. ಬುಲ್‌ಹಾರ್ನ್ ಜನಪ್ರಿಯವಾದದ್ದು ಕಾಲದ ವಿರುದ್ಧ ಒಬ್ಬೊಬ್ಬರೇ ಓಡುವ ಟೈಮ್ ಟ್ರಯಲ್ ಮತ್ತು ಟ್ರ್ಯಾಕಿನ ಎದುರುಬದುರಿನಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ಪರ್ಸ್ಯೂಟ್ ಸ್ಪರ್ಧೆಗಳಿಂದ. 1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ನಗರದ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಓಡಿದ ದಾಖಲೆಯನ್ನು ಎರಡು ಸಲ ಮುರಿದರು; 19ರಂದು 50.808 ಕಿ.ಮೀ., ನಾಲ್ಕು ದಿನ ಬಿಟ್ಟು 51.151 ಕಿ.ಮೀ. ಅಲ್ಲಿಯವರೆಗಿನ ದಾಖಲೆ ಎಡ್ಡಿ ಮೆರ್ಕ್ಸ್ 1972ರಲ್ಲಿ ಅದೇ ನಗರದಲ್ಲಿ ಮಾಡಿದ 49.431 ಕಿ.ಮೀ. ಮೋಸರ್ ಅವರ ಸೈಕಲ್ಲಿನಲ್ಲಿ ಕಡ್ಡಿಗಳಿಲ್ಲದ ತಟ್ಟೆಯಂತಹ ಚಕ್ರಗಳಿದ್ದವು, ಮುಂದೆ ಚಾಚಿದ ಕೊಂಬಿನ ಹ್ಯಾಂಡಲ್ ಇತ್ತು, ಬ್ರೇಕ್ ಇರಲಿಲ್ಲ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದೇ ಇಲ್ಲ. ಬ್ರೇಕನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗದಲ್ಲಿ ಬೆಳೆದ ಆಕಾರವನ್ನು ವಾಹನಗಳ ನಡುವೆ ಓಡುವ ಸೈಕಲ್ಲಿಗೆ ತಂದಾಗ, ಲಿವರಿಗೆ ಜಾಗ ಹುಡುಕುವ ಕೆಲಸ ಕೊಳ್ಳುವವರ ಪಾಲಿಗೆ ಬೀಳುತ್ತದೆ.

ನನ್ನ ಸೈಕಲ್ ಮೂಲತಃ ನೇರ ಹ್ಯಾಂಡಲ್ಲಿನದು. ಉಕ್ಕಿನ ಫ್ರೇಮ್, ಉದ್ದವಾದ ಮೇಲ್ಕೊಳವೆ, 100 ಮಿ.ಮೀ. ಸ್ಟೆಮ್, ಎರಡೂ ಚಕ್ರಕ್ಕೆ, ಎರಡು ಉದ್ದ ತೋಳುಗಳು ಇಬ್ಬದಿಯಿಂದ ರಿಮ್ಮನ್ನು ಒತ್ತಿ ಹಿಡಿಯುವ ವಿ-ಬ್ರೇಕ್. ಅದಕ್ಕೆ ತರಿಸಿದ ಮೊದಲ ಬುಲ್‌ಹಾರ್ನ್ ಟೈಮ್ ಟ್ರಯಲ್ ಸೈಕಲ್ಲುಗಳ ಬೇಸ್ ಬಾರ್ ಎಂಬ ಬಗೆಯದು. ಅಡ್ಡ ಭಾಗ ವಿಮಾನದ ರೆಕ್ಕೆಯಂತೆ ಚಪ್ಪಟೆ, ಕೊಂಬುಗಳು ಸ್ಟೆಮ್ಮಿನ ಮಟ್ಟಕ್ಕಿಂತ ಸುಮಾರು 3 ಸೆಂ.ಮೀ. ಕೆಳಗಿಳಿದು ಮುಂದಕ್ಕೆ ಚಾಚಿದ್ದವು. ಪೆಟ್ಟಿಗೆ ಬಿಚ್ಚಿ ಹಳೆಯ ಲಿವರನ್ನು ತೂರಿಸಲು ಹೋದಾಗ ಅದು ತುದಿಯಲ್ಲೇ ನಿಂತಿತು. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದರೆ ಲಿವರಿನ ಬಳೆಯ ಒಳ ಅಳತೆ 22.2 ಮಿ.ಮೀ., ಕೊಳವೆಯ ಹೊರ ಅಳತೆ 23.8 ಮಿ.ಮೀ. ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚಿನ ಅಂತರ. ಬಳೆಯ ಸ್ಕ್ರೂ ಎಷ್ಟೇ ಸಡಿಲಿಸಿದರೂ ಅದು ಒಳಗೆ ಹೋಗುವ ಮಾತಿರಲಿಲ್ಲ.

ಈ ಎರಡು ಸಂಖ್ಯೆಗಳನ್ನು ಬುಲ್‌ಹಾರ್ನ್ ಕೊಳ್ಳುವವರು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ನೇರ ಹ್ಯಾಂಡಲ್ಲಿನ ಸೈಕಲ್ಲುಗಳ ಬ್ರೇಕ್ ಲಿವರ್, ಗೇರ್ ಬದಲಿಸುವ ಗುಂಡಿ, ರಬ್ಬರ್ ಹಿಡಿ ಎಲ್ಲವೂ 22.2 ಮಿ.ಮೀ. ಕೊಳವೆಗೆ ಮಾಡಿದವು. ಮುಂದೆ ಹೋಗಿ ಕೆಳಕ್ಕೆ ಬಾಗಿ ಹಿಂದಕ್ಕೆ ಹೊರಳುವ ಡ್ರಾಪ್ ಹ್ಯಾಂಡಲ್ಲಿನ ರಸ್ತೆ ಸೈಕಲ್ಲುಗಳ ಲಿವರುಗಳು 23.8 ಮಿ.ಮೀ. ಕೊಳವೆಗೆ ಮಾಡಿದವು. ಬುಲ್‌ಹಾರ್ನ್‌ಗಳು ಎರಡೂ ದಪ್ಪದಲ್ಲಿ ಸಿಗುತ್ತವೆ, ಹೆಚ್ಚಿನವು 23.8ರಲ್ಲಿ. ಮಾರುವವರು ಅಗಲ, ತೂಕ, ಬಣ್ಣಗಳನ್ನು ದೊಡ್ಡದಾಗಿ ಬರೆದು ಈ ಅಳತೆಯನ್ನು ಬಿಟ್ಟಿರುವುದು ಸಾಮಾನ್ಯ. ಅದು ಕಾಣದಿದ್ದರೆ ಕೇಳಿ ಬರೆಸಿಕೊಳ್ಳಿ; ಉತ್ತರ ಬರುವವರೆಗೆ ಹಣ ಕೊಡಬೇಡಿ.

ಹಾಗಾದರೆ ಬುಲ್‌ಹಾರ್ನ್‌ನಲ್ಲಿ ಬ್ರೇಕ್ ಕೂರಿಸಲು ಇರುವ ದಾರಿಗಳೇನು? ಮೊದಲನೆಯದು, ತುದಿಯ ಕೊಳವೆಯ ಒಳಗೆ ತೂರಿ, ಒಳಗಿನಿಂದಲೇ ಹಿಗ್ಗಿ ಬಿಗಿಯಾಗುವ ಟೈಮ್ ಟ್ರಯಲ್ ಲಿವರ್. ಇದರ ಕೀಲು ಕೊಂಬಿನ ತುದಿಯಲ್ಲಿದ್ದು, ಎಳೆಯುವ ಹಿಡಿ ಹಿಂದಕ್ಕೆ, ಸವಾರರ ಕಡೆಗೆ ಚಾಚಿರುತ್ತದೆ. ಆದ್ದರಿಂದಲೇ ಇದಕ್ಕೆ ರಿವರ್ಸ್ ಲಿವರ್ ಎಂಬ ಹೆಸರೂ ಇದೆ. ನೋಡಲು ಇದರಷ್ಟು ಚೊಕ್ಕಟವಾದದ್ದು ಇಲ್ಲ: ಕೊಂಬು ಮುಗಿಯುವಲ್ಲಿ ಲಿವರ್ ಶುರುವಾಗುತ್ತದೆ, ಕೇಬಲ್ ಟೇಪಿನ ಅಡಿಯಲ್ಲಿ ಅಡಗುತ್ತದೆ. ಆದರೆ ಇದರ ಎಳೆತ ಉಳಿದ ಲಿವರುಗಳಿಗೆ ತಿರುವುಮುರುವು. ಕೊಂಬನ್ನು ಹಿಡಿದಾಗ ತೋರುಬೆರಳು ಮುಂದಿರುತ್ತದೆ, ಕಿರುಬೆರಳು ಹಿಂದಿರುತ್ತದೆ. ಕೀಲು ತೋರುಬೆರಳಿನ ಬಳಿಯೇ ಇರುವುದರಿಂದ ಆ ಬೆರಳಿನ ಎಳೆತಕ್ಕೆ ಬಲ ಸಾಲದು. ಸನ್ನೆಯ ಲಾಭವೆಲ್ಲ ಹಿಡಿಯ ಬಾಲದ ಕಡೆಗೆ, ಉಂಗುರದ ಬೆರಳು ಮತ್ತು ಕಿರುಬೆರಳಿಗೆ ಸಿಗುತ್ತದೆ. ಎರಡು ಬೆರಳಿನಲ್ಲಿ ಬ್ರೇಕ್ ಹಿಡಿದು ರೂಢಿಯಾದವರು ಇಲ್ಲಿ ನಾಲ್ಕೂ ಬೆರಳು ಬಳಸುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ನನಗೆ ಇದು ಒಗ್ಗಲು ಎರಡು ವಾರ ಹಿಡಿಯಿತು, ಆ ಎರಡು ವಾರ ವಾಹನ ಕಡಿಮೆ ಇರುವ ರಸ್ತೆಯಲ್ಲೇ ಓಡಾಡಿದೆ.

ಎರಡನೆಯದು, ಕೊಳವೆ 22.2 ಮಿ.ಮೀ. ಆಗಿದ್ದರೆ, ನೇರ ಹ್ಯಾಂಡಲ್ಲಿನ ಲಿವರನ್ನೇ ಕೊಂಬಿನ ಬುಡದಲ್ಲಿ ಕೂರಿಸಿ ಹಿಡಿಯನ್ನು ಮುಂದಕ್ಕೆ ಚಾಚುವುದು. ಇಲ್ಲಿ ಕೀಲು ಹಿಂದಿದ್ದು ತೋರುಬೆರಳಿಗೆ ಪೂರ್ತಿ ಬಲ ಸಿಗುತ್ತದೆ. ಹಳೆಯ ಲಿವರ್, ಹಳೆಯ ಬ್ರೇಕ್ ಎರಡೂ ಹಾಗೆಯೇ ಉಳಿಯುತ್ತವೆ. ಅಡ್ಡಿ ಬರುವುದು ಬಾಗಿನಲ್ಲಿ. ಬಳೆ ಬಿಚ್ಚಿ ಎರಡು ತುಂಡಾಗುವ ಲಿವರಾದರೆ ತೊಂದರೆಯಿಲ್ಲ. ಇಡೀ ಬಳೆಯದಾದರೆ ಬಿಗಿಯಾದ ಬಾಗನ್ನು ದಾಟಿ ಅದು ಬುಡದವರೆಗೆ ಬರುವುದಿಲ್ಲ. ಮೂರನೆಯದು, ರಸ್ತೆ ಸೈಕಲ್ಲಿನ ಲಿವರುಗಳನ್ನೇ ಕೊಂಬಿನ ತುದಿಗೆ ಏರಿಸುವುದು. ಕೈಗೆ ಅದರ ಹುಡ್‌ನ, ಅಂದರೆ ಅಂಗೈ ಊರುವ ರಬ್ಬರ್ ಹೊದಿಕೆಯ, ಸುಖವಿದೆ, ಗೇರೂ ಅದರಲ್ಲೇ ಬರುತ್ತದೆ. ಆದರೆ ಕೊಂಬಿನ ಉದ್ದಕ್ಕೆ ಹುಡ್‌ನ ಉದ್ದವೂ ಸೇರಿ ಕೈ ಬಹಳ ದೂರ ಹೋಗುವುದರಿಂದ ತೀರ ಗಿಡ್ಡ ಕೊಂಬಿಗೆ ಮಾತ್ರ ಅದು ಸಲ್ಲುತ್ತದೆ. ನಾಲ್ಕನೆಯದಾದ ಇಂಟರಪ್ಟರ್ ಲಿವರ್ ಅಡ್ಡ ಭಾಗದಲ್ಲಿ, ಕೇಬಲ್ಲಿನ ನಡುದಾರಿಯಲ್ಲಿ ಕೂರುತ್ತದೆ. ಇದನ್ನು ಕೊಂಬಿನ ಲಿವರಿಗೆ ಜೊತೆಯಾಗಿ ಹಾಕಿದರೆ ಕೈ ಎಲ್ಲಿದ್ದರೂ ಬ್ರೇಕ್ ಸಿಗುತ್ತದೆ. ಇದೊಂದನ್ನೇ ಹಾಕಿ ಕೊಂಬನ್ನು ಬರಿದಾಗಿ ಬಿಟ್ಟ ಸೈಕಲ್ಲುಗಳನ್ನೂ ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ವೇಗವಾಗಿ ಹೋಗುವಾಗ ಕೈ ಇರುವುದು ಕೊಂಬಿನ ಮೇಲೆ, ತಟ್ಟನೆ ನಿಲ್ಲಿಸಬೇಕಾಗಿ ಬರುವುದೂ ಆಗಲೇ.

ನಾನು ಮೊದಲನೆಯ ದಾರಿ ಹಿಡಿದು ರಿವರ್ಸ್ ಲಿವರ್ ತಂದೆ. ಹಾಕಿ, ಕೇಬಲ್ ಬಿಗಿದು, ನಿಂತಲ್ಲೇ ಎಳೆದು ನೋಡಿದೆ. ಹಿಡಿ ಯಾವ ತಡೆಯೂ ಇಲ್ಲದೆ ಬಂದು ಕೊಳವೆಗೆ ತಾಗಿತು. ಬ್ರೇಕ್ ರಬ್ಬರ್ ಆಗಷ್ಟೇ ರಿಮ್ಮಿಗೆ ಮುಟ್ಟಿತ್ತು. ತಪ್ಪು ಲಿವರಿನದಾಗಲೀ ಬ್ರೇಕಿನದಾಗಲೀ ಅಲ್ಲ, ಅವೆರಡರ ಜೋಡಿಯದು. ವಿ-ಬ್ರೇಕಿನ ತೋಳುಗಳು ಉದ್ದ, ಸುಮಾರು 100 ಮಿ.ಮೀ. ದಾಟಿರುತ್ತವೆ, ಅವನ್ನು ಹತ್ತಿರ ತರಲು ಹೆಚ್ಚು ಕೇಬಲ್ ಎಳೆಯಬೇಕು. ರಸ್ತೆ ಸೈಕಲ್ಲಿನ ಲಿವರುಗಳೂ ಟೈಮ್ ಟ್ರಯಲ್ ಲಿವರುಗಳೂ ಒಂದು ಹಿಡಿತಕ್ಕೆ ಕಡಿಮೆ ಕೇಬಲ್ ಎಳೆಯುವಂತೆ ಮಾಡಿದವು. ಅವು ಕ್ಯಾಲಿಪರ್, ಕ್ಯಾಂಟಿಲಿವರ್ ಎಂಬ ಬೇರೆ ಬಗೆಯ ರಿಮ್ ಬ್ರೇಕುಗಳಿಗೆ, ರಸ್ತೆ ಸೈಕಲ್ಲಿನ ಕೇಬಲ್ ಡಿಸ್ಕ್ ಬ್ರೇಕಿಗೆ ಹೊಂದುತ್ತವೆ. ರಬ್ಬರನ್ನು ರಿಮ್ಮಿಗೆ ಕೂದಲೆಳೆಯಷ್ಟು ಹತ್ತಿರ ತಂದಿಟ್ಟರೆ ಒಂದಿಷ್ಟು ನಡೆಯುತ್ತದೆ, ಆದರೆ ರಿಮ್ ಸ್ವಲ್ಪ ಓರೆಯಾದರೂ ಉಜ್ಜಲು ಶುರುವಾಗುತ್ತದೆ. ರಬ್ಬರ್ ಸವೆದಂತೆ ಹಿಡಿ ಮತ್ತೆ ಕೊಳವೆಗೆ ಬರುತ್ತದೆ. ಹಾಗೆ ಓಡಿಸಬಾರದು. ನಾನು ತೋಳು ಸುಮಾರು 85 ಮಿ.ಮೀ. ಇರುವ ಮಿನಿ ವಿ-ಬ್ರೇಕಿಗೆ ಬದಲಿಸಿದೆ. ಅದೇ ಫ್ರೇಮಿನ ಅದೇ ಮೊಳೆಗಳಿಗೆ ಕೂತಿತು, ಲಿವರ್ ನಡುದಾರಿಯಲ್ಲೇ ಗಟ್ಟಿಯಾಗಿ ನಿಲ್ಲತೊಡಗಿತು. ಟೈರಿನ ಮೇಲೆ ಜಾಗ ಕಡಿಮೆಯಾಗಿ ಮಡ್‌ಗಾರ್ಡ್ ತೆಗೆಯಬೇಕಾಯಿತು. ಒಂದು ಹ್ಯಾಂಡಲ್ಲಿನ ಆಯ್ಕೆ ಮಡ್‌ಗಾರ್ಡಿನವರೆಗೆ ಹೋಗುತ್ತದೆಂದು ಚಿತ್ರ ನೋಡುವಾಗ ಯಾರಿಗೂ ಹೊಳೆಯುವುದಿಲ್ಲ.

ಬ್ರೇಕ್ ಸರಿಯಾದ ಮೇಲೆ ಬೇಸ್ ಬಾರನ್ನು ಎರಡು ತಿಂಗಳು ಓಡಿಸಿದೆ. ಎದ್ದು ನಿಂತು ಏರು ಹತ್ತುವಾಗ ಅದು ಅದ್ಭುತ. ಎರಡೂ ಅಂಗೈ ಒಂದನ್ನೊಂದು ನೋಡುವಂತೆ ಕೊಂಬು ಹಿಡಿದು, ಒಂದೊಂದು ಪೆಡಲ್ ತುಳಿತಕ್ಕೂ ಆಯಾ ಬದಿಯ ಕೊಂಬನ್ನು ಎಳೆಯುವಾಗ ಮೈಯ ಬಲ ಎಲ್ಲೂ ಸೋರದೆ ಚೈನಿಗೆ ಇಳಿಯುತ್ತದೆ ಎನ್ನಿಸುತ್ತದೆ. ಪರ್ಸ್ಯೂಟ್ ಸ್ಪರ್ಧೆಯವರು ನಿಂತ ಸೈಕಲ್ಲನ್ನು ಹೊರಡಿಸುವಾಗ ಹಿಡಿಯುವುದೂ ಹೀಗೆಯೇ. ಆದರೆ ಕೂತು ಸಾವಕಾಶವಾಗಿ ಹೋಗುವಾಗ ಕೈ ತಾನಾಗಿ ಅಡ್ಡ ಭಾಗಕ್ಕೆ ಬರುತ್ತದೆ, ಅಲ್ಲಿ ಆ ಚಪ್ಪಟೆ ರೆಕ್ಕೆಯ ಅಂಚು ಅಂಗೈಯ ನಡುವಿಗೆ ಒತ್ತುತ್ತದೆ. ಅರ್ಧ ಗಂಟೆಯಲ್ಲಿ ಕಿರುಬೆರಳಿನ ಕಡೆ ಜೋಮು ಹಿಡಿಯುತ್ತಿತ್ತು. ಇದಕ್ಕೆ ಆ ಹ್ಯಾಂಡಲನ್ನು ದೂರುವುದು ನ್ಯಾಯವಲ್ಲ. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಗ್ರೆಗ್ ಲೆಮಾಂಡ್ 50 ಸೆಕೆಂಡುಗಳ ಹಿನ್ನಡೆಯನ್ನು ತುಂಬಿ ಲೊರಾಂ ಫಿನ್ಯೋನ್ ಅವರನ್ನು ಒಟ್ಟಾರೆ 8 ಸೆಕೆಂಡುಗಳಿಂದ ಸೋಲಿಸಿದಾಗ, ಫಿನ್ಯೋನ್ ಅವರ ಕೈಯಲ್ಲಿದ್ದದ್ದು ಬರಿಯ ಕೊಂಬಿನ ಹ್ಯಾಂಡಲ್, ಲೆಮಾಂಡ್ ಅವರ ಮುಂಗೈಗಳು ಒರಗಿದ್ದದ್ದು ಮುಂದೆ ಚಾಚಿದ ಏರೋ ಬಾರಿನ ಮೇಲೆ. ಆ ದಿನದ ನಂತರ ಟೈಮ್ ಟ್ರಯಲ್‌ನಲ್ಲಿ ಕೊಂಬಿನ ಕೆಲಸ ಹೊರಡುವುದಕ್ಕೆ, ತಿರುಗುವುದಕ್ಕೆ, ಬ್ರೇಕ್ ಹಿಡಿಯುವುದಕ್ಕೆ ಸೀಮಿತವಾಯಿತು. ಉಳಿದಷ್ಟು ಹೊತ್ತು ಕೈ ಏರೋ ಬಾರಿನ ಮೇಲೆ. ಇಂದಿನ ಬೇಸ್ ಬಾರ್‌ನ ಅಡ್ಡ ಭಾಗವನ್ನು ಗಾಳಿ ಸೀಳುವುದಕ್ಕೆ ಮಾಡಿದ್ದಾರೆ, ಅಂಗೈ ಇಡುವುದಕ್ಕಲ್ಲ. ಏರೋ ಬಾರ್ ಹಾಕದೆ ದಿನದ ಓಡಾಟಕ್ಕೆ ಅದನ್ನು ಕೊಳ್ಳಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಂದು ತೊಂದರೆ ದೂರದ್ದು. ಬ್ರೇಕಿನ ನಂತರ ಅತಿ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ನೇರ ಹ್ಯಾಂಡಲ್ಲಿನಲ್ಲಿ ಕೈ ಸ್ಟೆಮ್ಮಿನ ಬಾಯಿಯ, ಅಂದರೆ ಅದು ಹ್ಯಾಂಡಲನ್ನು ಹಿಡಿಯುವ ಜಾಗದ, ಸಾಲಿನಲ್ಲೇ ಇರುತ್ತದೆ. ಬುಲ್‌ಹಾರ್ನ್‌ನಲ್ಲಿ ಕೈ ಕೊಂಬಿನ ನಡುವಿಗೆ ಹೋಗುತ್ತದೆ. ಅದು ಬಾಯಿಯಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಮುಂದೆ. 100 ಮಿ.ಮೀ. ಸ್ಟೆಮ್ ಹಾಗೆಯೇ ಇದ್ದದ್ದರಿಂದ ನನ್ನ ಕೈ ಹಿಂದಿಗಿಂತ 120 ಮಿ.ಮೀ. ದೂರ ಚಾಚಬೇಕಾಯಿತು, ಅದರ ಮೇಲೆ ಕೊಂಬು ಕೆಳಗಿಳಿದದ್ದು. ಮೊಣಕೈ ನೆಟ್ಟಗಾದರೆ ರಸ್ತೆಯ ಪ್ರತಿ ಕುಲುಕೂ ಭುಜಕ್ಕೆ, ಕುತ್ತಿಗೆಗೆ ಹೋಗುತ್ತದೆ. ನೇರ ಹ್ಯಾಂಡಲ್ಲಿಗೆಂದು ಮಾಡಿದ ಫ್ರೇಮಿನ ಮೇಲ್ಕೊಳವೆ ಉದ್ದವಿರುವುದರಿಂದ ಅಂಥದ್ದಕ್ಕೆ ಬುಲ್‌ಹಾರ್ನ್ ಹಾಕುವವರು 50ರಿಂದ 60 ಮಿ.ಮೀ. ಸ್ಟೆಮ್ಮಿಗೆ ಸಿದ್ಧರಾಗಬೇಕು. ಡ್ರಾಪ್ ಹ್ಯಾಂಡಲ್ಲಿನ ಫ್ರೇಮಾದರೆ ಇಷ್ಟು ಬದಲಾವಣೆ ಬೇಕಾಗುವುದಿಲ್ಲ: ಅಲ್ಲಿ ಹ್ಯಾಂಡಲ್ಲಿನ ಚಾಚು ಸುಮಾರು 80 ಮಿ.ಮೀ., ಹುಡ್‌ನ ಮೇಲೆ ಕೈ ಕೂರುವ ಜಾಗ ಅದಕ್ಕೂ 30–40 ಮಿ.ಮೀ. ಮುಂದೆ ಇರುವುದರಿಂದ ಒಟ್ಟು ದೂರ ಬುಲ್‌ಹಾರ್ನ್‌ನ ಹತ್ತಿರಕ್ಕೇ ಬರುತ್ತದೆ, ಹಳೆಯ ಸ್ಟೆಮ್ಮೇ ಸಾಕಾಗಬಹುದು.

ಖರ್ಚಿಲ್ಲದೆ ಇದನ್ನು ಮೊದಲೇ ಪರೀಕ್ಷಿಸಲು ಒಂದು ಉಪಾಯವಿದೆ. ನೇರ ಹ್ಯಾಂಡಲ್ಲಿನ ತುದಿಗೆ ಹಾಕುವ ಬಾರ್ ಎಂಡ್ ಎಂಬ ಗಿಡ್ಡ ಕೊಂಬುಗಳನ್ನು ಎರವಲು ತಂದು, ಅವುಗಳ ಬಳೆಯನ್ನು ಹಿಡಿಗಳಿಂದ ಒಳಗೆ, ನಿಮ್ಮ ಹೆಗಲಿನ ಅಗಲಕ್ಕೆ ಸರಿಯಾಗಿ ಸರಿಸಿ ಬಿಗಿದುಕೊಳ್ಳಿ. ವಾಹನವಿಲ್ಲದ ಜಾಗದಲ್ಲಿ ಅರ್ಧ ಗಂಟೆ ಕೈ ಅಲ್ಲಿಟ್ಟು ಓಡಿಸಿದರೆ ನಿಮ್ಮ ಬೆನ್ನು ಉತ್ತರ ಹೇಳುತ್ತದೆ. ಲಿವರ್ ಆಗ ಕೈಗೆ ಸಿಗುವುದಿಲ್ಲವಾದ್ದರಿಂದ ರಸ್ತೆಗೆ ಮಾತ್ರ ಇಳಿಯಬೇಡಿ.

ನಾನು ಈ ಉಪಾಯದ ಬದಲು ಇನ್ನೊಂದನ್ನು ಮಾಡಿದೆ, ಅದೇ ನನ್ನ ಎರಡನೆಯ ಹ್ಯಾಂಡಲ್. ಹಳೆಯ ಡ್ರಾಪ್ ಹ್ಯಾಂಡಲನ್ನು ತಲೆಕೆಳಗು ಮಾಡಿ, ಬಾಗು ಮೇಲಕ್ಕೆ ಏರಿ ಹಿಂದಕ್ಕೆ ಹೊರಳುವ ಮುನ್ನ ಕತ್ತರಿಸಿದರೆ ಬುಲ್‌ಹಾರ್ನ್ ಆಗುತ್ತದೆ. ನಡುವಿನಿಂದ ಎರಡೂ ಕಡೆ ಅಳೆದು, ಟೇಪು ಸುತ್ತಿ ಗುರುತು ಮಾಡಿಕೊಂಡು, ಹ್ಯಾಕ್ಸಾದಿಂದ ನಿಧಾನವಾಗಿ ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಅರದಿಂದ ಒಳಗೂ ಹೊರಗೂ ಉಜ್ಜಬೇಕು. ಸ್ಟೆಮ್ ಹಿಡಿಯುವ ಜಾಗದಲ್ಲಿ ಹಳೆಯ ಗೀರು, ತಗ್ಗು, ಬಿರುಕು ಏನಿದ್ದರೂ ಆ ಹ್ಯಾಂಡಲನ್ನು ಬಳಸಲೇಬಾರದು, ಏಕೆಂದರೆ ಅಲ್ಯೂಮಿನಿಯಂ ಬಾಗಿ ಎಚ್ಚರಿಸದೆ ಒಮ್ಮೆಗೇ ಮುರಿಯುವುದುಂಟು. ಕಾರ್ಬನ್ ಹ್ಯಾಂಡಲ್ಲಿಗಂತೂ ಗರಗಸ ಮುಟ್ಟಿಸಬೇಡಿ. ನನ್ನದರಲ್ಲಿ ಕತ್ತರಿಸಿದ ಜಾಗ ಬಾಗಿನ ಮೇಲೆಯೇ ಬಂದದ್ದರಿಂದ ರಿವರ್ಸ್ ಲಿವರಿನ ಒಳಭಾಗ ಪೂರ್ತಿ ತೂರಲಿಲ್ಲ. ಅದಕ್ಕೆ ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ನೇರ ಕೊಳವೆ ಬೇಕು. ಮತ್ತೆ ಒಂದಿಷ್ಟು ಹಿಂದಕ್ಕೆ ಕತ್ತರಿಸಿ, ಕೊಂಬು ಗಿಡ್ಡವಾಗಿ, ಕೈಯ ಅರ್ಧಭಾಗ ಹೊರಗುಳಿಯಿತು. ಶಾಶ್ವತವಾಗಿ ಇಟ್ಟುಕೊಳ್ಳುವ ವಸ್ತು ಅದಾಗಲಿಲ್ಲ. ಆದರೆ ಅದರಿಂದ ನನ್ನ ಅಳತೆಗಳು ಸಿಕ್ಕವು: ಕೊಂಬು ಕೆಳಗಿಳಿಯುವುದು ನನಗೆ ಬೇಡ, ತುಸು ಏರು ಬೇಕು, ಬಾಗು ಮುಗಿದ ಮೇಲೆ ನಾಲ್ಕು ಬೆರಳು ಕೂತು ಲಿವರಿಗೂ ಜಾಗ ಉಳಿಯುವಷ್ಟು ನೇರ ಕೊಂಬು ಬೇಕು, ಅಡ್ಡ ಭಾಗ ದುಂಡಗಿರಬೇಕು.

ಅಗಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಹೆಗಲಿನ ಮೂಳೆಗಳ ನಡುವಿನ ಅಂತರವೇ ಕೊಂಬುಗಳ ನಡುವಿನ ಅಂತರವಾದರೆ ಸಾಕು. ಹೆಚ್ಚಿನ ಬುಲ್‌ಹಾರ್ನ್‌ಗಳು 38ರಿಂದ 44 ಸೆಂ.ಮೀ.ಗಳಲ್ಲಿ ಬರುತ್ತವೆ. ಒಂದು ಎಚ್ಚರ ಮಾತ್ರ ಇರಲಿ: ಕೆಲವರು ಕೊಳವೆಯ ನಡುವಿನಿಂದ ನಡುವಿಗೆ ಅಳೆಯುತ್ತಾರೆ, ಕೆಲವರು ಹೊರ ಅಂಚಿನಿಂದ ಹೊರ ಅಂಚಿಗೆ. ಎರಡರ ನಡುವೆ ಒಂದು ಕೊಳವೆಯ ದಪ್ಪದಷ್ಟು, ಅಂದರೆ ಸುಮಾರು 2.4 ಸೆಂ.ಮೀ. ವ್ಯತ್ಯಾಸ ಬರುತ್ತದೆ.

ಸ್ಟೆಮ್ಮಿನ ಬಾಯಿಯ ಅಳತೆಗೆ ಇದಕ್ಕಿಂತ ಹೆಚ್ಚಿನ ಗಮನ ಬೇಕು. ಈಗಿನವು ಬಹುತೇಕ 31.8 ಮಿ.ಮೀ.; ಹಳೆಯವು 25.4 ಅಥವಾ 26.0. ದಪ್ಪ ಬಾಯಿಗೆ ತೆಳು ಹ್ಯಾಂಡಲ್ ಹಾಕಲು ಶಿಮ್ ಎಂಬ ಲೋಹದ ಪಟ್ಟಿ ಸಿಗುತ್ತದೆ, ಅದು ಒಪ್ಪತಕ್ಕದ್ದೇ. ನನ್ನ ಎರಡನೆಯ ಹ್ಯಾಂಡಲ್ 26.0ರದ್ದು, ಶಿಮ್ ಹಾಕಿಯೇ 31.8ರ ಸ್ಟೆಮ್ಮಿನಲ್ಲಿ ಕೂರಿಸಿದ್ದೆ. ಆದರೆ 25.4 ಮತ್ತು 26.0ರ ನಡುವೆ ಅರ್ಧ ಮಿಲಿಮೀಟರಿನಷ್ಟೇ ವ್ಯತ್ಯಾಸವೆಂದು ಹಾಗೆಯೇ ಬಿಗಿಯಲು ಹೋಗಬೇಡಿ. ತೆಳು ಹ್ಯಾಂಡಲ್ ದೊಡ್ಡ ಬಾಯಿಯಲ್ಲಿ ಎಷ್ಟು ಬಿಗಿದರೂ ಜಾರುತ್ತದೆ. ಡ್ರಾಪ್ ಹ್ಯಾಂಡಲ್ ಜಾರಿದರೆ ಒಂದಿಷ್ಟು ಓರೆಯಾಗುತ್ತದೆ. ಬುಲ್‌ಹಾರ್ನ್ ಜಾರಿದರೆ ಮುಂದೆ ಚಾಚಿದ ಎರಡೂ ಕೊಂಬು ಮೈಯ ಭಾರದೊಂದಿಗೆ ಕೆಳಕ್ಕೆ ಹೋಗುತ್ತವೆ, ಅದೂ ಬ್ರೇಕ್ ಹಿಡಿದು ಭಾರವೆಲ್ಲ ಮುಂದಕ್ಕೆ ಬಂದ ಕ್ಷಣದಲ್ಲಿ. ಫೋರ್ಕಿನ ಒಳಗೆ ಇಳಿಯುವ ಹಳೆಯ ಕ್ವಿಲ್ ಸ್ಟೆಮ್ ಇರುವವರು ಇನ್ನೊಂದನ್ನು ನೋಡಬೇಕು. ಅವುಗಳಲ್ಲಿ ಹೆಚ್ಚಿನವಕ್ಕೆ ಮುಂಭಾಗ ಬಿಚ್ಚುವ ಮುಚ್ಚಳ ಇರುವುದಿಲ್ಲ, ಹ್ಯಾಂಡಲನ್ನು ಒಂದು ತುದಿಯಿಂದ ತೂರಿಸಿ ಬಾಗನ್ನು ದಾಟಿಸಿಕೊಂಡೇ ನಡುವಿಗೆ ತರಬೇಕು. ಬಾಗು ಬಿಗಿಯಾಗಿದ್ದರೆ ಅದು ದಾಟುವುದಿಲ್ಲ, ಒತ್ತಾಯ ಮಾಡಿದರೆ ಕೊಳವೆಯ ಮೈಯೆಲ್ಲ ಗೀರಾಗುತ್ತದೆ.

ಮೂರನೆಯದು, ಈಗ ಸೈಕಲ್ಲಿನಲ್ಲಿರುವುದು, ರಸ್ತೆಗೆಂದೇ ಮಾಡಿದ ಅಲ್ಯೂಮಿನಿಯಂ ಬುಲ್‌ಹಾರ್ನ್. ನಡುವಿನಿಂದ ನಡುವಿಗೆ 42 ಸೆಂ.ಮೀ. ಅಗಲ, 31.8ರ ಹಿಡಿತ, 23.8ರ ಕೊಳವೆ, ಸುಮಾರು 15 ಸೆಂ.ಮೀ. ಮುಂದಕ್ಕೆ ಚಾಚಿ ತುದಿಯಲ್ಲಿ ತುಸು ಏರುವ ನೇರ ಕೊಂಬು. ನಿಟ್ಟೊ, ಸೋಮಾ ಮುಂತಾದ ಕಂಪನಿಗಳ ಪಟ್ಟಿಯಲ್ಲಿ ಈ ಬಗೆಯ ಪರ್ಸ್ಯೂಟ್ ಹ್ಯಾಂಡಲ್ಲುಗಳು ಕಾಣುತ್ತವೆ. ಇದರ ಜೊತೆ 60 ಮಿ.ಮೀ. ಸ್ಟೆಮ್ ಹಾಕಿದೆ, ಲಿವರ್ ಅದೇ ರಿವರ್ಸ್ ಜೋಡಿ, ಬ್ರೇಕ್ ಅದೇ ಮಿನಿ ವಿ. ಆಮೇಲೆ ಅಡ್ಡ ಭಾಗದಲ್ಲಿ ಮುಂದಿನ ಬ್ರೇಕಿಗೆ ಒಂದು ಇಂಟರಪ್ಟರ್ ಲಿವರ್ ಸೇರಿಸಿದೆ. ಇದಕ್ಕೆ ಅಡ್ಡ ಭಾಗದಲ್ಲಿ ಕೊಳವೆ ನೇರವಾಗಿ, ಒಂದೇ ದಪ್ಪವಾಗಿ ಇರುವ ಜಾಗ ಬೇಕು. 31.8ರ ಹ್ಯಾಂಡಲ್ಲುಗಳು ಸ್ಟೆಮ್ಮಿನಿಂದ ಹೊರಟೊಡನೆ ಸಣ್ಣದಾಗುತ್ತ ಹೋಗುವುದರಿಂದ ಆ ಜಾಗ ಕಡಿಮೆ. ಕೊಳ್ಳುವಾಗಲೇ ಅಳೆದು ನೋಡಬೇಕು.

ಈ ಹ್ಯಾಂಡಲ್ಲಿನಲ್ಲಿ ಕೈಗೆ ಮೂರು ಜಾಗ ಸಿಗುತ್ತದೆ: ಅಡ್ಡ ಭಾಗ, ಬಾಗಿನ ಮೂಲೆ, ಕೊಂಬು. ದಿಣ್ಣೆ ಹತ್ತುವಾಗ ಕೊಂಬು, ಸಮತಟ್ಟಿನಲ್ಲಿ ಮೂಲೆ, ಜನರ ನಡುವೆ ನಿಧಾನವಾಗಿ ಸಾಗುವಾಗ ಅಡ್ಡ ಭಾಗ. ಬೇಸ್ ಬಾರ್‌ನಲ್ಲಿ ಬರುತ್ತಿದ್ದ ಜೋಮು ಹೋಯಿತು. ಕೈ ಮುಂದಿದ್ದಷ್ಟೂ ಸೈಕಲ್ ತಿರುಗಿಸುವಾಗ ಅದು ಪಕ್ಕಕ್ಕೆ ಹೆಚ್ಚು ಸರಿಯಬೇಕಾಗುತ್ತದೆ, ನಡಿಗೆಯ ವೇಗದಲ್ಲಿ ಇದು ಸ್ವಲ್ಪ ಭಾರವೆನ್ನಿಸುತ್ತದೆ. ಗಿಡ್ಡ ಸ್ಟೆಮ್ ಅದನ್ನು ಬಹುಮಟ್ಟಿಗೆ ಸರಿದೂಗಿಸಿದೆ. ಎದುರುಗಾಳಿಯಲ್ಲಿ ಮಾತ್ರ ಡ್ರಾಪ್ ಹ್ಯಾಂಡಲ್ಲಿನ ಕೆಳ ಹಿಡಿತ ನೆನಪಾಗುತ್ತದೆ. ಕೊಂಬು ಹಿಡಿದು ಮೊಣಕೈ ಮಡಚಿ ತಗ್ಗಬಹುದು, ಆದರೆ ಆ ಭಂಗಿಯನ್ನು ಬಹಳ ಹೊತ್ತು ಉಳಿಸಿಕೊಳ್ಳಲು ತೋಳು ಒಪ್ಪುವುದಿಲ್ಲ. ಬಯಲುಗಾಳಿಯಲ್ಲಿ ದಿನವೂ ದೂರ ಹೋಗುವವರು ಡ್ರಾಪ್ ಹ್ಯಾಂಡಲನ್ನು ಬಿಟ್ಟು ಇತ್ತ ಬರುವ ಅಗತ್ಯವಿಲ್ಲ. ಹಲವು ಗೇರುಗಳಿರುವ ಸೈಕಲ್ಲಿನವರೂ ಒಮ್ಮೆ ಯೋಚಿಸಬೇಕು, ಏಕೆಂದರೆ ಕೊಂಬಿನ ತುದಿಯನ್ನು ಬ್ರೇಕ್ ಹಿಡಿದುಕೊಂಡ ಮೇಲೆ ಗೇರಿಗೆ ಉಳಿಯುವುದು ಫ್ರೇಮಿನ ಕೆಳಕೊಳವೆ, ಅಥವಾ ಕೊಳವೆ 22.2 ಆಗಿದ್ದರೆ ಅಡ್ಡ ಭಾಗ. ಎರಡಕ್ಕೂ ಬ್ರೇಕಿನಿಂದ ಕೈ ತೆಗೆಯಬೇಕು. ಒಂದೇ ಗೇರಿನ ಸೈಕಲ್ಲಿಗೆ, ಏರುಪೇರಿನ ರಸ್ತೆಗೆ, ಒಂದೆರಡು ಗಂಟೆಯ ಓಡಾಟಕ್ಕೆ ಈ ಮೂರನೆಯ ಬಗೆಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ.

ಕೂರಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಸ್ಟೆಮ್ಮಿನ ಮುಚ್ಚಳದ ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದು, ಮೇಲಿನ ಸಂದೂ ಕೆಳಗಿನ ಸಂದೂ ಒಂದೇ ಸಮ ಇರುವಂತೆ ನೋಡಿಕೊಳ್ಳಬೇಕು. ಎಷ್ಟು ಬಿಗಿಯಬೇಕೆಂಬುದು ಸ್ಟೆಮ್ಮಿನ ಮೇಲೆಯೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರಿನ ಆಸುಪಾಸು. ಆಮೇಲೆ ಎರಡೂ ಕೊಂಬಿನ ಮೇಲೆ ಮೈಭಾರ ಹಾಕಿ ಒತ್ತಿ ನೋಡದೆ ಸೈಕಲ್ ಹತ್ತಬೇಡಿ. ಕೊಂಬು ಉದ್ದವಾದ್ದರಿಂದ ಹಳೆಯ ಕೇಬಲ್ ಸಾಲುವುದಿಲ್ಲ, ಒಳ ಎಳೆ ಮತ್ತು ಹೊರಕವಚ ಎರಡನ್ನೂ ಹೊಸದಾಗಿ ತನ್ನಿ. ಆ ಕವಚ ಸುರುಳಿ ತಂತಿಯ ಬ್ರೇಕ್ ಕವಚವೇ ಆಗಿರಬೇಕು, ಉದ್ದ ತಂತಿಗಳ ಗೇರ್ ಕವಚ ಬ್ರೇಕಿನ ಒತ್ತಡಕ್ಕೆ ಸೀಳಿಹೋಗಬಹುದು. ರಿವರ್ಸ್ ಲಿವರ್ ಹಾಕದವರು ತುದಿಗಳಿಗೆ ಬಿರಡೆ ಹಾಕಲೇಬೇಕು. ತೆರೆದ ಕೊಳವೆಯ ತುದಿ ಎದುರಿಗೆ ಚಾಚಿ ನಿಂತಿರುವಾಗ ಅದು ಯಾರ ಮೈಗೂ ನೆಡಬಹುದು.

ಟೇಪನ್ನು ಕೊಂಬಿನ ತುದಿಯಿಂದ ಶುರುಮಾಡಿ ಸ್ಟೆಮ್ಮಿನ ಕಡೆಗೆ ಸುತ್ತಿಕೊಂಡು ಬರಬೇಕು. ಹಾಗೆ ಸುತ್ತಿದಾಗ ಪ್ರತಿ ಸುತ್ತಿನ ಅಂಚು ಮುಂದಕ್ಕೆ ಮುಖ ಮಾಡಿರುತ್ತದೆ, ಬೆವರಿದ ಕೈ ಮುಂದಕ್ಕೆ ಜಾರಿದರೂ ಅಂಚು ಮೇಲೇಳುವುದಿಲ್ಲ. ಹೆಂಚು ಹೊದಿಸಿದ ಮಾಡಿನ ಮೇಲೆ ನೀರು ಇಳಿದ ಹಾಗೆ ಕೈ ಅದರ ಮೇಲೆ ಸಾಗುತ್ತದೆ. ಮೊದಲ ಸಲ ನಾನು ಸ್ಟೆಮ್ಮಿನಿಂದ ತುದಿಗೆ ಸುತ್ತಿದ್ದೆ, ಒಂದೇ ತಿಂಗಳಲ್ಲಿ ಕೊಂಬಿನ ಮೇಲಿನ ಅಂಚುಗಳೆಲ್ಲ ಸುರುಳಿಯಾಗಿ ಎದ್ದಿದ್ದವು.

ಮೂರನೆಯ ಹ್ಯಾಂಡಲ್ಲಿನ ಟೇಪನ್ನು ಕಳೆದ ವಾರ ಬಿಚ್ಚಿದೆ. ಬೆವರಿನ ಉಪ್ಪು ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ವರ್ಷಕ್ಕೊಮ್ಮೆಯಾದರೂ ಟೇಪು ತೆಗೆದು ಕೊಳವೆ ನೋಡುವುದು ಅಗತ್ಯ. ಮುಖ್ಯವಾಗಿ ಸ್ಟೆಮ್ಮಿನ ಬಾಯಿಯ ಎರಡು ಅಂಚು, ಬಾಗಿನ ಒಳಮೈ, ಲಿವರ್ ಕೂತ ತುದಿ. ಬಿಳಿ ಪುಡಿ ಎಲ್ಲೂ ಇರಲಿಲ್ಲ, ಬಿರುಕೂ ಇರಲಿಲ್ಲ. ಆದರೆ ಬಿಚ್ಚಿದ ಟೇಪನ್ನು ನೆಲದ ಮೇಲೆ ಹಾಸಿ ನೋಡಿದಾಗ ಹೆಚ್ಚು ಸವೆದದ್ದು ಎಲ್ಲೆಂದು ಸ್ಪಷ್ಟವಾಗಿ ಕಾಣುತ್ತಿತ್ತು: ಬಾಗು ಮುಗಿದು ಕೊಂಬು ನೇರವಾಗುವ ಜಾಗ, ಲಿವರಿನ ಬಾಲಕ್ಕಿಂತ ಎರಡು ಬೆರಳು ಹಿಂದೆ. ವರ್ಷವಿಡೀ ನನ್ನ ಕೈ ಬ್ರೇಕಿಗೆ ಎರಡು ಬೆರಳು ದೂರದಲ್ಲೇ ಕೂತಿತ್ತು. ಆದ್ದರಿಂದ ಹೊಸ ಟೇಪು ಸುತ್ತುವ ಮುನ್ನ ಎರಡೂ ತುದಿಯಿಂದ 3 ಸೆಂ.ಮೀ. ಕತ್ತರಿಸಿ, ಅರ ಉಜ್ಜಿ, ಲಿವರನ್ನು ಹಿಂದಕ್ಕೆ ತಂದೆ. ಈಗ ಕೈ ತಾನಾಗಿ ಕೂರುವಲ್ಲಿಯೇ ಕಿರುಬೆರಳಿಗೆ ಹಿಡಿಯ ಬಾಲ ಸಿಗುತ್ತಿದೆ.